ಥಾಯ್ ಅಡುಗೆ: ಪರದೆಯಲ್ಲಿ ಕಾಣದ ಉಪ್ಪು

ಥಾಯ್ಲೆಂಡಿನ ಮನೆಯಡುಗೆಯನ್ನು ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿಯುವವರು ಈಗ ನಮ್ಮಲ್ಲೂ ಇದ್ದಾರೆ. ಒಳ್ಳೆಯ ಹವ್ಯಾಸವೇ. ತರಕಾರಿ, ಸೊಪ್ಪು, ನಿಂಬೆಹುಲ್ಲು ಧಾರಾಳವಾಗಿ ಬಳಸುವ ಅಡುಗೆಯದು. ಆದರೆ ಅಡುಗೆ ಮಾಡುವಾಕೆ ಬಾಟಲಿಯಿಂದ ಎರಡು ಸಲ ಚಿಮುಕಿಸುವ ಕಂದು ದ್ರವದಲ್ಲಿ ಉಪ್ಪೆಷ್ಟಿದೆ ಎಂಬುದು ಪರದೆಯಲ್ಲಿ ಕಾಣುವುದಿಲ್ಲ. ನಿಮಗೆ ರಕ್ತದೊತ್ತಡವಿದ್ದರೆ ಈ ಲೆಕ್ಕ ತಿಳಿದಿರಲೇಬೇಕು.

ಎಷ್ಟು ಉಪ್ಪು?

ಆ ದ್ರವವೇ ‘ನಾಮ್ ಪ್ಲಾ’, ಅಂದರೆ ಫಿಶ್ ಸಾಸ್. ಸಣ್ಣ ಸಮುದ್ರ ಮೀನುಗಳನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಇಳಿಸಿದ ರಸ. ಇದರ ಒಂದು ದೊಡ್ಡ ಚಮಚದಲ್ಲಿ (15 ಮಿ.ಲೀ.) ಸುಮಾರು 1,400 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಅಂದರೆ ಸುಮಾರು ಮೂರೂವರೆ ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ನಾಲ್ವರ ಅಡುಗೆಗೆ ಮೂರು ಚಮಚ ಹಾಕಿದರೆ, ಒಬ್ಬೊಬ್ಬರಿಗೆ ದಿನದ ಪಾಲಿನ ಅರ್ಧಕ್ಕಿಂತ ಹೆಚ್ಚು ಒಂದೇ ಊಟದಲ್ಲಿ ಸೇರುತ್ತದೆ. ಸೋಯಾ ಸಾಸ್, ಸೀಗಡಿ ಪೇಸ್ಟ್, ಅಂಗಡಿಯ ಕರಿ ಪೇಸ್ಟ್‌ಗಳ ಉಪ್ಪು ಬೇರೆ.

ನಾಲಿಗೆಗೆ ಏಕೆ ತಿಳಿಯದು?

ಥಾಯ್ ಅಡುಗೆಯಲ್ಲಿ ಹುಳಿ, ಖಾರ, ಬೆಲ್ಲದ ಸಿಹಿ ಒಟ್ಟಿಗೆ ಇರುತ್ತವೆ. ಸಿಹಿಯು ಉಪ್ಪಿನ ರುಚಿಯನ್ನು ಮರೆಮಾಡುತ್ತದೆ. ಇನ್ನೊಂದು ವಿಷಯ: ಅಲ್ಲಿನವರು ಅನ್ನಕ್ಕೆ ಉಪ್ಪು ಹಾಕುವುದಿಲ್ಲ. ಸಪ್ಪೆ ಅನ್ನದೊಂದಿಗೆ ಸ್ವಲ್ಪಸ್ವಲ್ಪವೇ ತಿನ್ನಲೆಂದು ಪದಾರ್ಥದ ರುಚಿ ಗಡುಸಾಗಿರುತ್ತದೆ. ನೀವು ಅದನ್ನೇ ಬಟ್ಟಲು ತುಂಬ ಸೂಪಿನಂತೆ ಕುಡಿದರೆ ಲೆಕ್ಕ ತಪ್ಪುತ್ತದೆ.

ಏನು ಮಾಡಬೇಕು?

* ಬಾಟಲಿಯಿಂದ ನೇರವಾಗಿ ಸುರಿಯಬೇಡಿ, ಚಮಚದಲ್ಲಿ ಅಳೆಯಿರಿ.
* ವಿಡಿಯೊದಲ್ಲಿ ಹೇಳಿದ್ದರ ಅರ್ಧದಷ್ಟೇ ಹಾಕಿ. ಒಲೆ ಆರಿಸಿ, ನಿಂಬೆರಸ ಹಿಂಡಿ, ಆಮೇಲೆ ರುಚಿ ನೋಡಿ. ಹುಳಿಯಿದ್ದರೆ ಕಡಿಮೆ ಉಪ್ಪೂ ಸಪ್ಪೆ ಎನಿಸದು.
* ನಿಂಬೆಹುಲ್ಲು, ಜೀರಿಗೆ ಮೆಣಸು, ಕೊತ್ತಂಬರಿ ಹೆಚ್ಚಿಸಿ.
* ಬೇರೆ ಉಪ್ಪು ಸೇರಿಸಬೇಡಿ. ಊಟದ ಮೇಜಿನ ಮೇಲೆ ಮೆಣಸು ಹಾಕಿದ ಫಿಶ್ ಸಾಸ್ ಇಡಬೇಡಿ.

ಹಸಿ ಮೀನು ಬೇಡ

ಈಶಾನ್ಯ ಥಾಯ್ಲೆಂಡಿನಲ್ಲಿ ಹಸಿ ಸಿಹಿನೀರಿನ ಮೀನನ್ನು ಕೊಚ್ಚಿ, ನಿಂಬೆರಸ ಬೆರೆಸಿ ತಿನ್ನುವ ‘ಕೊಯ್ ಪ್ಲಾ’ ಎಂಬ ತಿನಿಸಿದೆ. ನಿಂಬೆಯಿಂದ ಮೀನು ಬೆಳ್ಳಗಾಗುತ್ತದೆ, ಬೆಂದಂತೆ ಕಾಣುತ್ತದೆ. ಆದರೆ ಅದರೊಳಗಿರಬಹುದಾದ ಯಕೃತ್ತಿನ ಹುಳದ ಮರಿಗಳು ಸಾಯುವುದಿಲ್ಲ. ಈ ಹುಳ ಪಿತ್ತನಾಳದ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲೇ ಘೋಷಿಸಿದೆ. ಇಂತಹ ವಿಡಿಯೊವನ್ನು ನೋಡಿ ಬಿಡಿ, ಮಾಡಬೇಡಿ. ಮೀನನ್ನು ಪೂರ್ತಿ ಬೇಯಿಸಿಯೇ ತಿನ್ನಿ.

ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು, ಕಾಲು ಊದಿಕೊಳ್ಳುವವರು ನಿಮ್ಮ ವೈದ್ಯರನ್ನು ಕೇಳಿಯೇ ಇಂಥ ಸಾಸ್‌ಗಳನ್ನು ಬಳಸಿ. ಮನೆಯ ಉಳಿದವರು ಹೊಸ ರುಚಿ ಸವಿಯಲು ಅಡ್ಡಿಯಿಲ್ಲ. ಅಳತೆಯ ಚಮಚ ಮಾತ್ರ ಕೈಯಲ್ಲಿರಲಿ.