ಭೂಮಿಯ ಪತ್ರಗಳು: ಅವುಗಳ ವಿಧಗಳೂ ಫಲಗಳೂ

ಭೂಮಿಗೆ ಸಂಬಂಧಿಸಿದ ಕಾಗದಗಳೆಲ್ಲವೂ ಒಂದೇ ಬಗೆಯವಲ್ಲ. ಒಂದು ಪತ್ರವು ಒಡೆತನವನ್ನು ದಾಟಿಸುವುದು; ಮತ್ತೊಂದು ಸಾಲಕ್ಕೆ ಭೂಮಿಯನ್ನು ಆಧಾರವಾಗಿಡುವುದು; ಇನ್ನೊಂದು ಮುಂದೆ ನಡೆಯತಕ್ಕ ವ್ಯವಹಾರದ ಮಾತನ್ನು ಮಾತ್ರ ಹೇಳುವುದು. ಕಲಬುರಗಿ ನಗರದ ಅಂಚಿನ ಹೊಲವಾಗಲಿ, ಕಮಲಾಪುರದ ಕೆಂಪು ಬಾಳೆಯ ತೋಟವಾಗಲಿ, ಈ ಭೇದವನ್ನರಿಯದೆ ಮಾಡಿದ ಒಂದು ರುಜುವಿನಿಂದ ಕೈತಪ್ಪಿ ಹೋಗಬಹುದು. ಇಂತಹ ಪತ್ರಗಳಿಗೆ ಸಾಕ್ಷಿ ಹಾಕಲು ಜನರು ಗ್ರಾಮದ ಹಿರಿಯರನ್ನೇ ಕರೆಯುವುದರಿಂದ, ಅವರು ಈ ವಿಷಯವನ್ನು ಚೆನ್ನಾಗಿ ತಿಳಿದಿರುವುದು ಅವಶ್ಯಕವು.

ಖರೀದಿ ಪತ್ರವು ಬೆಲೆಗೆ ಪ್ರತಿಯಾಗಿ ಪೂರ್ಣ ಒಡೆತನವನ್ನು ಕೊಡುವುದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ 100 ರೂಪಾಯಿ ಅಥವಾ ಹೆಚ್ಚು ಬೆಲೆಯ ಭೂಮಿಯ ಮಾರಾಟವು ನೋಂದಾಯಿತ ಪತ್ರದಿಂದಲೇ ಆಗತಕ್ಕದ್ದು. ಕರಾರು ಪತ್ರವಾದರೋ ಮಾರುವೆನೆಂಬ ಒಪ್ಪಂದ ಮಾತ್ರ. ಅದರಿಂದ ಒಡೆತನವು ಬಾರದು. ಮಾರುವವನು ಹಿಂಜರಿದರೆ, ಕೊಳ್ಳುವವನು ಕರಾರಿನ ಅವಧಿ ತೀರಿದ 3 ವರ್ಷಗಳೊಳಗೆ ನ್ಯಾಯಾಲಯಕ್ಕೆ ಹೋಗಬೇಕಾಗುವುದು. ಮುಖ್ತ್ಯಾರ್ ಪತ್ರವೂ ಮಾರಾಟವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟಪಡಿಸಿದೆ.

ದಾನ ಪತ್ರ ಅಥವಾ ಬಕ್ಷೀಸ್ ಪತ್ರಕ್ಕೆ ನೋಂದಣಿಯೂ ಇಬ್ಬರ ಸಾಕ್ಷಿಯೂ ಬೇಕು. ಮೃತ್ಯುಪತ್ರಕ್ಕೆ ನೋಂದಣಿಯು ಕಡ್ಡಾಯವಲ್ಲ. ಆದರೆ ಇಬ್ಬರು ಸಾಕ್ಷಿಗಳು ಇರಲೇಬೇಕು, ಮತ್ತು ಬರೆದವನು ಬದುಕಿರುವ ತನಕ ಅದನ್ನು ಬದಲಾಯಿಸಬಹುದು. ಹಕ್ಕುಬಿಡುಗಡೆ ಪತ್ರದಿಂದ ಪಾಲುದಾರನೊಬ್ಬನು ತನ್ನ ಪಾಲನ್ನು ಮತ್ತೊಬ್ಬ ಪಾಲುದಾರನಿಗೆ ಬಿಟ್ಟುಕೊಡುವನು. ವಿಭಾಗ ಪತ್ರವನ್ನು ಬರೆಯುವಾಗ ಹೆಣ್ಣುಮಕ್ಕಳನ್ನು ಮರೆಯಬಾರದು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಸ್ವತ್ತಿನಲ್ಲಿ 2005ರ ತಿದ್ದುಪಡಿಯು ಅವರಿಗೆ ಗಂಡುಮಕ್ಕಳ ಸಮಾನವಾದ ಹಕ್ಕನ್ನು ಕೊಟ್ಟಿರುವುದು.

ಇವೆಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆಯು ಅಡವಿನ ವಿಷಯದಲ್ಲಿ ಬೇಕು. ಮಳೆ ಕೈಕೊಟ್ಟ ವರ್ಷ ಒಬ್ಬ ಒಕ್ಕಲಿಗನು ತನ್ನ ತೊಗರಿಯ ಹೊಲದ ಮೇಲೆ ಸಾಲ ಕೇಳಿದನೆನ್ನೋಣ. ಸಾಹುಕಾರನು, “ಖರೀದಿ ಪತ್ರ ಮಾಡಿಕೊಡು, ಹಣ ತೀರಿಸಿದ ದಿನ ಹೊಲ ತಿರುಗಿ ಕೊಡುವೆನು” ಎನ್ನುವನು. ಅಡವು ಪತ್ರವಾಗಿದ್ದರೆ ಸಾಲ ತೀರಿಸಿ ಭೂಮಿಯನ್ನು ಬಿಡಿಸಿಕೊಳ್ಳುವ ಹಕ್ಕು ಒಕ್ಕಲಿಗನಿಗೆ ಉಳಿಯುವುದು. ಖರೀದಿ ಪತ್ರವಾದರೆ ಹೊಲವು ಸಾಹುಕಾರನದಾಯಿತು. ತಿರುಗಿ ಕೊಡುವ ಷರತ್ತು ಅದೇ ಪತ್ರದಲ್ಲಿ ಬರೆದಿಲ್ಲದಿದ್ದರೆ, ಕಾಯಿದೆಯು ಆ ವ್ಯವಹಾರವನ್ನು ಅಡವೆಂದು ಎಣಿಸುವುದಿಲ್ಲ. ಬಾಯಿಮಾತನ್ನು ನಂಬಿ ರುಜು ಮಾಡುವವನಿಗೆ ಈ ಸಂಗತಿಯನ್ನು ಮೊದಲೇ ತಿಳಿಸುವುದು ಸಾಕ್ಷಿಯಾಗಿ ಬಂದ ಹಿರಿಯರ ಧರ್ಮವು.

ಪಹಣಿಯು ಕಂದಾಯದ ದಾಖಲೆಯೇ ಹೊರತು ಒಡೆತನವನ್ನು ಕೊಡುವ ಪತ್ರವಲ್ಲ. ಆದುದರಿಂದ ಕೊಳ್ಳುವವರು ಪಹಣಿಯೊಡನೆ ಮೂಲಪತ್ರಗಳನ್ನೂ ಉಪನೋಂದಣಿ ಕಛೇರಿಯ ಋಣಭಾರ ಪ್ರಮಾಣಪತ್ರವನ್ನೂ ನೋಡತಕ್ಕದ್ದು. ಈ ಪ್ರಾಂತವು 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಹಳೆಯ ಕಾಗದಗಳು ಉರ್ದುವಿನಲ್ಲಿಯೂ ಫಸಲಿ ವರ್ಷದಲ್ಲಿಯೂ ಇರಬಹುದು. ಫಸಲಿಗೆ 590 ಕೂಡಿಸಿದರೆ ಇಸವಿಯು ಹೆಚ್ಚುಕಡಿಮೆ ದೊರೆಯುವುದು. 1358ನೆಯ ಫಸಲಿಯೆಂದರೆ 1948-49. ಅಂತಹ ಕಾಗದವನ್ನು ಬಲ್ಲವರಿಂದ ಓದಿಸದೆ ವ್ಯವಹಾರಕ್ಕಿಳಿಯಬಾರದು. ಸರಕಾರದಿಂದ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು 1978ರ ಕಾಯಿದೆಯಂತೆ ಸರಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳುವುದು ಅಸಿಂಧುವು.

ರುಜುವಾದ ಪತ್ರವನ್ನು 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸತಕ್ಕದ್ದು. ರುಜುವಿಗೆ ಮೊದಲು ಪತ್ರದ ಹೆಸರು, ಸರ್ವೆ ನಂಬರು, ಎಕರೆ-ಗುಂಟೆ, ನಾಲ್ಕು ದಿಕ್ಕಿನ ಚಕ್ಕುಬಂದಿ, ಹಣದ ಮೊತ್ತ, ಇವನ್ನು ಗಟ್ಟಿಯಾಗಿ ಓದಿಸಿ ಕೇಳಬೇಕು. ಬರೆದುಕೊಡುವವನು ತಾನು ಮಾರುತ್ತಿರುವೆನೋ ಅಡವಿಡುತ್ತಿರುವೆನೋ ಎಂಬುದನ್ನು ತನ್ನ ಬಾಯಿಂದಲೇ ಹೇಳಲಿ. ಅವನ ಮಾತೂ ಪತ್ರದ ಬರಹವೂ ಒಂದೇ ಆದ ಮೇಲೆಯೇ ಸಾಕ್ಷಿಯು ಲೇಖನಿಯನ್ನು ಹಿಡಿಯತಕ್ಕದ್ದು.