ಅಂಕಗಳ ನಡೆ ಮತ್ತು ಬೈಟುಗಳ ಕ್ರಮ

ಇಪ್ಪತ್ತೊಂದು ಎಂಬ ಸಂಖ್ಯೆಯನ್ನು ಹೇಳುವಾಗ ಕನ್ನಡಿಗನು ಮೊದಲು ಇಪ್ಪತ್ತನ್ನೂ ಅನಂತರ ಒಂದನ್ನೂ ಉಚ್ಚರಿಸುತ್ತಾನೆ. ಅದೇ ಸಂಖ್ಯೆಗೆ ಸಂಸ್ಕೃತದಲ್ಲಿ ಏಕವಿಂಶತಿ ಎಂದು ಹೆಸರು. ಅಲ್ಲಿ ಒಂದು ಮೊದಲು, ಇಪ್ಪತ್ತು ಆಮೇಲೆ. ನುಡಿ ಯಾವುದಾದರೂ ಎಣಿಕೆಗೆ ಬಂದ ವಸ್ತುಗಳು ಇಪ್ಪತ್ತೊಂದೇ. ಭೇದವಿರುವುದು ಸಂಖ್ಯೆಯಲ್ಲಲ್ಲ, ಅದನ್ನು ಹೇಳುವ ಕ್ರಮದಲ್ಲಿ.

ಪ್ರಾಚೀನ ಶಾಸನಗಳಲ್ಲಿಯೂ ಜ್ಯೋತಿಷ ಗ್ರಂಥಗಳಲ್ಲಿಯೂ ಸಂಖ್ಯೆಗಳನ್ನು ಪದಗಳಿಂದ ಸೂಚಿಸುವ ಪದ್ಧತಿಯುಂಟು. ವೇದವೆಂದರೆ ನಾಲ್ಕು, ನೇತ್ರವೆಂದರೆ ಎರಡು, ಚಂದ್ರನೆಂದರೆ ಒಂದು. ‘ವೇದನೇತ್ರಚಂದ್ರ’ ಎಂದು ಬರೆದರೆ ಅದು ೪೨೧ ಅಲ್ಲ. ಅಂಕಗಳು ಬಲದಿಂದ ಎಡಕ್ಕೆ ನಡೆಯತಕ್ಕವೆಂಬುದು ಗಣಿತಜ್ಞರ ಸಂಪ್ರದಾಯವಾದುದರಿಂದ ಅದು ೧೨೪ ಆಗುತ್ತದೆ. ಈ ಸಂಪ್ರದಾಯವನ್ನು ಅರಿಯದೆ ಓದಿದವನಿಗೆ ತಾನು ತಪ್ಪಿದೆನೆಂಬುದು ಕೂಡ ಗೊತ್ತಾಗುವುದಿಲ್ಲ. ಏಕೆಂದರೆ ೪೨೧ ಎಂಬುದೂ ಒಂದು ಸಾಧುವಾದ ಸಂಖ್ಯೆಯೇ ಆಗಿದೆ. ಇಂದಿನ ಗಣಕಯಂತ್ರಗಳ ಒಳಗೆ ಹಗಲಿರುಳೂ ಎದುರಾಗುವ ಒಂದು ತೊಡಕು ಇದೇ ಜಾತಿಯದು.

ಬೈಟು ಮತ್ತು ಅದರ ಸ್ಥಾನಬೆಲೆ

ಗಣಕದ ಸ್ಮೃತಿಯು ಬೈಟು ಎಂಬ ಸಣ್ಣ ಮನೆಗಳಿಂದ ಕೂಡಿದೆ. ಒಂದು ಮನೆಯಲ್ಲಿ ೦ಯಿಂದ ೨೫೫ರವರೆಗಿನ ಯಾವುದಾದರೂ ಒಂದು ಬೆಲೆಯನ್ನು ಇಡಬಹುದು. ಅದಕ್ಕಿಂತ ದೊಡ್ಡ ಸಂಖ್ಯೆಗೆ ಒಂದಕ್ಕಿಂತ ಹೆಚ್ಚು ಮನೆಗಳು ಬೇಕು. ನಮ್ಮ ಲೆಕ್ಕದಲ್ಲಿ ಬಿಡಿ, ಹತ್ತು, ನೂರು ಎಂಬ ಸ್ಥಾನಗಳಿರುವಂತೆ ಇಲ್ಲಿ ೧, ೨೫೬, ೬೫,೫೩೬ ಎಂಬ ಸ್ಥಾನಗಳಿರುತ್ತವೆ. ಸಾವಿರವನ್ನು ಎರಡು ಬೈಟುಗಳಲ್ಲಿ ಇಡಬೇಕಾದರೆ ೨೫೬ರ ಸ್ಥಾನದಲ್ಲಿ ೩, ಬಿಡಿ ಸ್ಥಾನದಲ್ಲಿ ೨೩೨ ಬರುತ್ತವೆ. ೩ನ್ನು ೨೫೬ರಿಂದ ಗುಣಿಸಿ ೨೩೨ನ್ನು ಕೂಡಿದರೆ ಸಾವಿರವಾಗುವುದನ್ನು ವಿದ್ಯಾರ್ಥಿಗಳೇ ಪರೀಕ್ಷಿಸಿ ನೋಡಬಹುದು.

ಈಗ ಪ್ರಶ್ನೆ ಇಷ್ಟೇ: ಮೊದಲ ಮನೆಯಲ್ಲಿ ಯಾವುದು ಕುಳಿತುಕೊಳ್ಳಬೇಕು? ೩ನ್ನು ಮೊದಲಿಡುವುದು ಒಂದು ಕ್ರಮ. ಇದನ್ನು ಬಿಗ್ ಎಂಡಿಯನ್ ಎನ್ನುತ್ತಾರೆ. ಕನ್ನಡದಲ್ಲಿ ಹಿರಿಮೊದಲ ಕ್ರಮ ಎನ್ನಬಹುದು. ೨೩೨ನ್ನು ಮೊದಲಿಡುವುದು ಇನ್ನೊಂದು ಕ್ರಮ. ಇದು ಲಿಟಲ್ ಎಂಡಿಯನ್, ಎಂದರೆ ಕಿರಿಮೊದಲ ಕ್ರಮ. ಒಂದು ಕ್ರಮದಲ್ಲಿ ಬರೆದಿಟ್ಟ ಸಾವಿರವನ್ನು ಮತ್ತೊಂದು ಕ್ರಮದಲ್ಲಿ ಓದಿದರೆ ೫೯,೩೯೫ ಎಂದಾಗುತ್ತದೆ.

ಯಂತ್ರಗಳ ಸಂಪ್ರದಾಯಭೇದ

೧೯೬೪ರಲ್ಲಿ ಪ್ರಕಟವಾದ ಐಬಿಎಂ ಸಂಸ್ಥೆಯ ಸಿಸ್ಟಂ ೩೬೦ ಯಂತ್ರಗಳು ಹಿರಿಮೊದಲ ಕ್ರಮವನ್ನು ಅನುಸರಿಸಿದವು. ೧೯೭೮ರ ಇಂಟೆಲ್ ೮೦೮೬ ಕಿರಿಮೊದಲಿನದು; ೧೯೭೯ರ ಮೊಟೊರೋಲಾ ೬೮೦೦೦ ಹಿರಿಮೊದಲಿನದು. ೧೯೭೦ರ ಪಿಡಿಪಿ–೧೧ರ ರೀತಿಯಂತೂ ವಿಚಿತ್ರವಾದುದು. ಎರಡು ಬೈಟುಗಳ ಜೋಡಿಯೊಳಗೆ ಕಿರಿದು ಮೊದಲು. ಆದರೆ ಅಂತಹ ಎರಡು ಜೋಡಿಗಳನ್ನು ಸೇರಿಸಿ ದೊಡ್ಡ ಸಂಖ್ಯೆಯನ್ನು ಮಾಡುವಲ್ಲಿ ಹಿರಿಯ ಜೋಡಿ ಮೊದಲು. ಹಿಂದಿಯಲ್ಲಿ ನೂರಿಪ್ಪತ್ತೊಂದನ್ನು ‘ಏಕ್ ಸೌ ಇಕ್ಕೀಸ್’ ಎನ್ನುವುದು ಇದಕ್ಕೆ ಒಳ್ಳೆಯ ಸಾಮ್ಯ. ಅಲ್ಲಿ ನೂರು ಮೊದಲು ಬಂದರೂ ಉಳಿದ ಭಾಗದಲ್ಲಿ ಒಂದು ಮುಂದೆ, ಇಪ್ಪತ್ತು ಹಿಂದೆ.

ಇವೆರಡರಲ್ಲಿ ಮೇಲಾದುದು ಯಾವುದೆಂದು ಬಹುಕಾಲ ವಾದ ನಡೆಯಿತು. ಸಂಕಲನವನ್ನು ಬಿಡಿಸ್ಥಾನದಿಂದ ಆರಂಭಿಸುವುದರಿಂದ ಕಿರಿದು ಮೊದಲಿರುವುದು ಅನುಕೂಲವೆಂದು ಒಂದು ಪಕ್ಷ. ಬರೆಯುವ ವಾಡಿಕೆಗೆ ಒಪ್ಪುವುದರಿಂದ ಹಿರಿದು ಮೊದಲಿರುವುದು ಲೇಸೆಂದು ಇನ್ನೊಂದು ಪಕ್ಷ. ೧೯೮೦ರಲ್ಲಿ ಡ್ಯಾನಿ ಕೋಹೆನ್ ಎಂಬ ವಿದ್ವಾಂಸನು ಒಂದು ಲೇಖನ ಬರೆದು ಈ ಪಕ್ಷಗಳಿಗೆ ಮೇಲ್ಕಂಡ ಇಂಗ್ಲಿಷ್ ಹೆಸರುಗಳನ್ನಿಟ್ಟನು. ೧೭೨೬ರಲ್ಲಿ ಪ್ರಕಟವಾದ ಜೋನಾಥನ್ ಸ್ವಿಫ್ಟನ ಗಲಿವರನ ಪ್ರವಾಸಕಥೆಯಲ್ಲಿ ಮೊಟ್ಟೆಯನ್ನು ದೊಡ್ಡ ತುದಿಯಿಂದ ಒಡೆಯಬೇಕೋ ಸಣ್ಣ ತುದಿಯಿಂದ ಒಡೆಯಬೇಕೋ ಎಂದು ಕುಳ್ಳರ ನಾಡಿನವರು ಹೊಡೆದಾಡುತ್ತಾರೆ. ಹೆಸರುಗಳು ಬಂದುದು ಅಲ್ಲಿಂದ. ಯಾವ ಕ್ರಮವೆಂಬುದಕ್ಕಿಂತಲೂ ಎಲ್ಲರೂ ಒಂದೇ ಕ್ರಮಕ್ಕೆ ಒಪ್ಪುವುದು ಮುಖ್ಯವೆಂಬುದು ಕೋಹೆನನ ಅಭಿಪ್ರಾಯ.

ಆ ಒಪ್ಪಂದವು ಪೂರ್ಣವಾಗಿ ಕೈಗೂಡಲಿಲ್ಲ. ಇಂದಿನ ಬಹುಪಾಲು ಗಣಕಗಳೂ ಕೈಫೋನುಗಳೂ ಕಿರಿಮೊದಲಿನವು. ಐಬಿಎಂನ ಮಹಾಗಣಕಗಳು ಹಿರಿಮೊದಲಿನವಾಗಿಯೇ ಉಳಿದಿವೆ. ಇಂಟರ್ನೆಟ್ಟಿನ ಮೂಲ ನಿಯಮಗಳಲ್ಲಿ ಹಿರಿಮೊದಲ ಕ್ರಮವೇ ವಿಧಿ. ಡಿಸ್ಕಿನ ವಿನ್ಯಾಸಗಳಲ್ಲಿ ಫ್ಯಾಟ್ ಕಿರಿಮೊದಲಿನದು. ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯಲ್ಲಿ ಹುಟ್ಟಿದ ಎಕ್ಸ್‌ಎಫ್‌ಎಸ್ ಹಿರಿಮೊದಲಿನದು. ಯಂತ್ರ, ತಂತಿ, ಡಿಸ್ಕು ಈ ಮೂರರ ನಡುವೆ ದುಭಾಷಿಯ ಕೆಲಸವನ್ನು ಮಾಡತಕ್ಕದ್ದು ಆಪರೇಟಿಂಗ್ ಸಿಸ್ಟಂ.

ತಪ್ಪಿನ ಸ್ವರೂಪ

ಈ ಕೆಲಸದಲ್ಲಿ ಆಗುವ ತಪ್ಪು ಸದ್ದು ಮಾಡುವುದಿಲ್ಲ. ಜಾಲತಾಣಗಳ ದ್ವಾರಸಂಖ್ಯೆಯಾದ ೮೦ನ್ನು ತಿರುಗಿಸಿ ಓದಿದರೆ ೨೦,೪೮೦ ಆಗುತ್ತದೆ. ನಾಲ್ಕು ಬೈಟುಗಳಲ್ಲಿಟ್ಟ ಒಂದು ಎಂಬುದು ೧,೬೭,೭೭,೨೧೬ ಆಗುತ್ತದೆ. ಕಡತದ ಉದ್ದವನ್ನೋ ಡಿಸ್ಕಿನ ಸ್ಥಳವನ್ನೋ ಹೀಗೆ ಓದಿದರೆ ಒಬ್ಬರ ಬರಹದ ಮೇಲೆ ಇನ್ನೊಬ್ಬರ ಬರಹ ಬೀಳಬಹುದು. ಸೊನ್ನೆಯನ್ನು ತಿರುಗಿಸಿದರೂ ಸೊನ್ನೆಯೇ. ೧ ಮತ್ತು ೧ ಎಂಬ ಎರಡು ಬೈಟುಗಳ ೨೫೭ ಕೂಡ ಬದಲಾಗುವುದಿಲ್ಲ. ಇಂತಹ ಸಂಖ್ಯೆಗಳಿಂದ ಪರೀಕ್ಷೆ ಮಾಡಿದವನಿಗೆ ದೋಷವು ಕಾಣಿಸುವುದೇ ಇಲ್ಲ. ಇದಲ್ಲದೆ, ಹಿರಿಮೊದಲಿನ ಯಂತ್ರದಲ್ಲಿ ಇಂಟರ್ನೆಟ್ಟಿನ ಸಂಖ್ಯೆಗೆ ಪರಿವರ್ತನೆಯೇ ಬೇಡ. ಅಲ್ಲಿ ಬರೆದವನು ಪರಿವರ್ತನೆಯನ್ನು ಮರೆತರೂ ಕೆಲಸ ನಡೆಯುತ್ತದೆ. ಅದೇ ಬರಹವನ್ನು ಇನ್ನೊಂದು ಯಂತ್ರಕ್ಕೆ ಒಯ್ದ ದಿನ ಮರೆವು ಬಯಲಾಗುತ್ತದೆ.

ಎಲ್ಲವನ್ನೂ ಕಣ್ಣುಮುಚ್ಚಿ ತಿರುಗಿಸುವುದೂ ಪರಿಹಾರವಲ್ಲ. ಒಂದೊಂದು ಅಕ್ಷರಕ್ಕೆ ಒಂದೊಂದೇ ಬೈಟು ಇರುವ ಬರಹಕ್ಕೆ ಕ್ರಮಭೇದವೇ ಇಲ್ಲ. ಯು, ಎನ್, ಐ, ಎಕ್ಸ್ ಎಂಬ ನಾಲ್ಕು ಅಕ್ಷರಗಳ ‘ಯುನಿಕ್ಸ್’ ಎಂಬ ಹೆಸರನ್ನು ಎರಡೆರಡು ಬೈಟುಗಳಂತೆ ತಿರುಗಿಸಿದರೆ ‘ನುಕ್ಸಿ’ ಎಂದಾಗುತ್ತದೆ. ಈ ತೊಡಕಿಗೆ ನುಕ್ಸಿ ಸಮಸ್ಯೆ ಎಂಬ ಹೆಸರೇ ನಿಂತಿದೆ.

ನಿವಾರಣೋಪಾಯ

ಈ ದೋಷವನ್ನು ತಡೆಯಲು ಮೂರು ನಿಯಮಗಳನ್ನು ಪಾಲಿಸಬೇಕು.

ಮೊದಲನೆಯದು, ಪರಿವರ್ತನೆಯು ಗಡಿಯಲ್ಲಿಯೇ ಒಮ್ಮೆ ಮಾತ್ರ ನಡೆಯತಕ್ಕದ್ದು. ಡಿಸ್ಕಿನಿಂದಲೋ ತಂತಿಯಿಂದಲೋ ಬಂದೊಡನೆ ಸಂಖ್ಯೆಯನ್ನು ಯಂತ್ರದ ಸ್ವಂತ ಕ್ರಮಕ್ಕೆ ತರಬೇಕು. ಹೊರಡುವಾಗ ಹೊರಗಿನ ಕ್ರಮಕ್ಕೆ ತಿರುಗಿಸಬೇಕು. ನಡುವೆ ಮತ್ತೊಮ್ಮೆ ತಿರುಗಿಸಿದರೆ ಮೊದಲ ತಪ್ಪೇ ಮರಳಿ ಬರುತ್ತದೆ.

ಎರಡನೆಯದು, ಬೈಟುಗಳನ್ನು ಸ್ಥಾನಬೆಲೆಯಿಂದ ಕಟ್ಟಬೇಕು. ಡಿಸ್ಕಿನ ಬರಹವು ಕಿರಿಮೊದಲಿನದಾದರೆ ಮೊದಲ ಬೈಟಿಗೆ ಎರಡನೆಯದರ ೨೫೬ರಷ್ಟನ್ನು ಕೂಡಿದರಾಯಿತು. ಹೀಗೆ ಮಾಡಿದಾಗ ಲೆಕ್ಕ ಹಾಕುವ ಯಂತ್ರದ ಕ್ರಮ ಯಾವುದೆಂದು ಕೇಳುವ ಅಗತ್ಯವೇ ಉಂಟಾಗುವುದಿಲ್ಲ. ಬರೆದವನ ಕ್ರಮವನ್ನು ತಿಳಿದರೆ ಸಾಕು. ಉದಾಹರಣೆಗೆ, ಹಳೆಯ ಪದ್ಧತಿಯ ಪಿಸಿ ಡಿಸ್ಕುಗಳ ಮೊದಲ ಖಂಡವು ೮೫, ೧೭೦ ಎಂಬ ಎರಡು ಬೈಟುಗಳಿಂದ ಮುಗಿಯುತ್ತದೆ. ಈ ರೀತಿಯಲ್ಲಿ ಕಟ್ಟಿದರೆ ಯಾವ ಯಂತ್ರದಲ್ಲಿಯೂ ೪೩,೬೦೫ ಎಂಬ ಒಂದೇ ಉತ್ತರ ಬರುತ್ತದೆ.

ಮೂರನೆಯದು, ಕ್ರಮವನ್ನು ಹೆಸರಿನಲ್ಲಿಯೇ ನಮೂದಿಸಬೇಕು. ಲಿನಕ್ಸ್‌ನ ಮೂಲಬರಹದಲ್ಲಿ ಕಿರಿಮೊದಲ ಸಂಖ್ಯೆಗೂ ಹಿರಿಮೊದಲ ಸಂಖ್ಯೆಗೂ ಬೇರೆ ಬೇರೆ ಜಾತಿಸೂಚಕಗಳನ್ನು ಇಟ್ಟಿದ್ದಾರೆ. ಪರಿವರ್ತಿಸದೆ ಒಂದನ್ನು ಇನ್ನೊಂದರೊಡನೆ ಬೆರೆಸಿದರೆ ಸ್ಪಾರ್ಸ್ ಎಂಬ ಪರಿಶೋಧಕ ಸಾಧನವು ಎಚ್ಚರಿಸುತ್ತದೆ. ವ್ಯಾಕರಣದಲ್ಲಿ ವಿಭಕ್ತಿಪ್ರತ್ಯಯವು ಪದದ ಸಂಬಂಧವನ್ನು ತಿಳಿಸುವಂತೆ ಇಲ್ಲಿ ಈ ಸೂಚಕವು ಸಂಖ್ಯೆಯ ಮೂಲವನ್ನು ತಿಳಿಸುತ್ತದೆ.

ಕನ್ನಡ ಬರಹದ ಪ್ರಸಂಗ

ಈ ವಿಷಯವು ಕನ್ನಡಕ್ಕೆ ದೂರದ್ದಲ್ಲ. ಯೂನಿಕೋಡ್ ಪದ್ಧತಿಯಲ್ಲಿ ಕ ಅಕ್ಷರದ ಸಂಖ್ಯೆ ೩,೨೨೧. ಬೈಟುಗಳು ೧೨ ಮತ್ತು ೧೪೯. ಯುಟಿಎಫ್–೧೬ ರೂಪದಲ್ಲಿ ಇವನ್ನು ತಿರುಗಿಸಿ ಓದಿದರೆ ೩೮,೧೫೬ ಆಗಿ ಚೀನೀ ಲಿಪಿಯ ಅಕ್ಷರವೊಂದು ಕಾಣಿಸುತ್ತದೆ. ‘ಕನ್ನಡ’ ಎಂಬ ಪದವನ್ನೇ ಹೀಗೆ ಓದಿದರೆ ಕಕಾರವು ಚೀನೀಯೂ, ನಕಾರವು ಸಿಲ್ಹೆಟ್ ಪ್ರಾಂತದ ನಾಗರಿಯೂ, ಹಲಂತಚಿಹ್ನೆಯು ಕೊರಿಯದ ಅಕ್ಷರವೂ ಆಗುತ್ತವೆ. ಇದನ್ನು ತಡೆಯಲು ಬರಹದ ತಲೆಯಲ್ಲಿ ೬೫,೨೭೯ ಎಂಬ ಗುರುತನ್ನಿಡುವ ವಾಡಿಕೆಯುಂಟು. ಅದು ತಿರುಗಿದರೆ ೬೫,೫೩೪ ಆಗುತ್ತದೆ. ಆ ಸಂಖ್ಯೆಯನ್ನು ಯಾವ ಅಕ್ಷರಕ್ಕೂ ಕೊಡದೆ ಬಿಟ್ಟಿರುವುದರಿಂದ ಕ್ರಮವು ತಪ್ಪಿದೆಯೆಂದು ಕೂಡಲೇ ತಿಳಿಯುತ್ತದೆ. ಯುಟಿಎಫ್–೮ ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟುಗಳು ಗೊತ್ತಾದ ಕ್ರಮದಲ್ಲಿಯೇ ಬರುವುದರಿಂದ ಅಲ್ಲಿ ಈ ತೊಡಕಿಲ್ಲ.

ಉಪಸಂಹಾರ

ಸಂಖ್ಯೆಗೆ ತುದಿಮೊದಲುಗಳಿಲ್ಲ, ಅವು ಇರುವುದು ಬರವಣಿಗೆಗೆ. ಆದುದರಿಂದ ಬರೆಯುವವನು ತನ್ನ ಕ್ರಮವನ್ನು ಹೇಳಿ ಬರೆಯಬೇಕು. ಓದುವವನು ಅದನ್ನು ಕೇಳಿ ಓದಬೇಕು. ತನ್ನ ಯಂತ್ರದ ರೂಢಿಯೇ ಲೋಕದ ರೂಢಿಯೆಂದು ಭಾವಿಸಿದವನು, ವೇದನೇತ್ರಚಂದ್ರವನ್ನು ೪೨೧ ಎಂದು ಓದಿದವನಂತೆ, ತಪ್ಪನ್ನು ಸರಿಯೆಂದೇ ನಂಬಿ ಮುಂದೆ ನಡೆಯುತ್ತಾನೆ.