ನೀರು ಕಾಯಿಸುವ ಹಂಡೆಗಳಿಗೆ ವಿದ್ಯುತ್ ಎಲಿಮೆಂಟ್ ಅಳವಡಿಕೆ: ಸದಸ್ಯರು ಅರಿತಿರಬೇಕಾದ ಸುರಕ್ಷತಾ ಕ್ರಮಗಳು

ಪಾಠದ ಉದ್ದೇಶ

ಸಮುದಾಯ ಭವನ, ಅಂಗನವಾಡಿ, ಶಾಲಾ ಅಡುಗೆಮನೆ ಹಾಗೂ ವಿದ್ಯಾರ್ಥಿನಿಲಯಗಳಲ್ಲಿ ಸೌದೆ ಒಲೆಯ ಬದಲಿಗೆ ವಿದ್ಯುತ್ ಎಲಿಮೆಂಟ್ ಜೋಡಿಸಿದ ಹಂಡೆಗಳಲ್ಲಿ ನೀರು ಕಾಯಿಸುವ ಪದ್ಧತಿ ಬಳಕೆಯಲ್ಲಿದೆ. ಇದರಿಂದ ಹೊಗೆಯ ಬಾಧೆ ತಪ್ಪುತ್ತದೆ, ಸಮಯವೂ ಉಳಿಯುತ್ತದೆ. ಆದರೆ ನೀರು, ಲೋಹ ಮತ್ತು ವಿದ್ಯುತ್ ಮೂರೂ ಒಂದೇ ಪಾತ್ರೆಯಲ್ಲಿ ಸೇರುವುದರಿಂದ, ಅಳವಡಿಕೆಯಲ್ಲಿ ಉಳಿದ ಸಣ್ಣ ಲೋಪವೂ ಅಡುಗೆ ಸಹಾಯಕಿಯ ಅಥವಾ ಮಗುವಿನ ಪ್ರಾಣಕ್ಕೆ ಎರವಾಗಬಲ್ಲದು.

ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಸಮುದಾಯ ಆಸ್ತಿಗಳ ನಿರ್ವಹಣೆಯೂ ಒಂದು. ವೈರಿಂಗ್ ಮಾಡುವುದು ಸದಸ್ಯರ ಕೆಲಸವಲ್ಲ. ಅದನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಆದರೆ ಅಂದಾಜು ಪಟ್ಟಿಯನ್ನು ಅನುಮೋದಿಸುವವರು ಮತ್ತು ಮುಗಿದ ಕಾಮಗಾರಿಯನ್ನು ನೋಡಿ ಒಪ್ಪುವವರು ಸದಸ್ಯರು. ಏನನ್ನು ಕೇಳಬೇಕು, ಏನನ್ನು ನೋಡಬೇಕು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

1. ಎಲಿಮೆಂಟಿನ ರಚನೆ

ಎಲಿಮೆಂಟಿನ ನಡುವೆ ನೈಕ್ರೋಮ್ ತಂತಿಯ ಸುರುಳಿ ಇರುತ್ತದೆ. ಅದರ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿಯನ್ನು ಬಿಗಿಯಾಗಿ ತುಂಬಿ, ಹೊರಗೆ ತಾಮ್ರ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ ಹೊದಿಸಿರುತ್ತಾರೆ. ಈ ಪುಡಿ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಆದರೆ ಅದು ತೇವವನ್ನು ಹೀರುವ ವಸ್ತು. ಕೊಳವೆ ಸವೆದರೆ ಅಥವಾ ತುದಿಯ ಮುಚ್ಚಳ ಸಡಿಲಗೊಂಡರೆ ತೇವ ಒಳಸೇರಿ, ವಿದ್ಯುತ್ ಹೊರಕವಚಕ್ಕೂ ಅಲ್ಲಿಂದ ನೀರಿಗೂ ಹಂಡೆಗೂ ಸೋರುತ್ತದೆ. ಹೊರನೋಟಕ್ಕೆ ಈ ದೋಷ ಕಾಣುವುದಿಲ್ಲ; ನೀರು ಎಂದಿನಂತೆಯೇ ಕಾಯುತ್ತಿರುತ್ತದೆ.

2. ಹೊರೆಯ ಲೆಕ್ಕ

ನಮ್ಮ ಏಕಹಂತ ಸರಬರಾಜಿನ ಒತ್ತಡ 230 ವೋಲ್ಟ್. ಎಲಿಮೆಂಟಿನ ವ್ಯಾಟ್ ಸಂಖ್ಯೆಯನ್ನು 230ರಿಂದ ಭಾಗಿಸಿದರೆ ಹರಿಯುವ ಆಂಪಿಯರ್ ದೊರೆಯುತ್ತದೆ. 3000 ವ್ಯಾಟ್ ಎಲಿಮೆಂಟಿಗೆ ಸುಮಾರು 13 ಆಂಪಿಯರ್ ಬೇಕು. ಇದನ್ನು ದೀಪ ಹಾಗೂ ಫ್ಯಾನುಗಳ 6 ಆಂಪಿಯರ್ ಸಾಕೆಟ್ಟಿಗೆ ಜೋಡಿಸಿದರೆ ತಂತಿ ಕಾದು ಕರಗುತ್ತದೆ. ಮುಖ್ಯ ಫಲಕದಿಂದ ನೇರವಾಗಿ ಬರುವ ಪ್ರತ್ಯೇಕ ಸರ್ಕ್ಯೂಟ್, 2.5 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ತಾಮ್ರದ ತಂತಿ ಮತ್ತು 16 ಆಂಪಿಯರ್ ಎಂಸಿಬಿ ಇರತಕ್ಕದ್ದು. ವಿಸ್ತರಣಾ ಬೋರ್ಡು ಸಲ್ಲದು.

ದೊಡ್ಡ ಹಂಡೆಗೆ 6000 ವ್ಯಾಟ್ ಬೇಕಾದಲ್ಲಿ 26 ಆಂಪಿಯರ್ ಹರಿಯುತ್ತದೆ. ಒಂದೇ ಸಾಕೆಟ್ಟಿಗೆ ಈ ಹೊರೆ ಕೊಡದೆ, ತಲಾ 3000 ವ್ಯಾಟಿನ ಎರಡು ಎಲಿಮೆಂಟುಗಳನ್ನು ಬೇರೆಬೇರೆ ಸರ್ಕ್ಯೂಟುಗಳಲ್ಲಿ ಜೋಡಿಸುವುದು ಲೇಸು. ಕಟ್ಟಡಕ್ಕೆ ಮಂಜೂರಾದ ಹೊರೆ ಸಾಲದಿದ್ದರೆ, ಕಾಮಗಾರಿಗೆ ಮುಂಚೆಯೇ ವಿದ್ಯುತ್ ಸರಬರಾಜು ಕಂಪನಿಗೆ ಹೆಚ್ಚುವರಿ ಹೊರೆಗಾಗಿ ಅರ್ಜಿ ಸಲ್ಲಿಸಬೇಕು.

ಶಕ್ತಿಯ ಖರ್ಚನ್ನೂ ಮೊದಲೇ ಅಂದಾಜಿಸಬಹುದು. 50 ಲೀಟರ್ ನೀರನ್ನು 25 ಡಿಗ್ರಿಯಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 2.3 ಯೂನಿಟ್ ಬೇಕು. 3000 ವ್ಯಾಟ್ ಎಲಿಮೆಂಟಿಗೆ ಇದು ಮುಕ್ಕಾಲು ಗಂಟೆಗಿಂತ ತುಸು ಹೆಚ್ಚಿನ ಕೆಲಸ. ಹಂಡೆಗೆ ಮುಚ್ಚಳವಿಲ್ಲದಿದ್ದರೆ ಖರ್ಚು ಇನ್ನೂ ಏರುತ್ತದೆ.

3. ಎಂಸಿಬಿ ಒಂದೇ ಏಕೆ ಸಾಲದು?

ಈ ಪಾಠದ ಮುಖ್ಯಾಂಶ ಇದು. ತಂತಿಗೆ ಬೆಂಕಿ ಹತ್ತದಂತೆ ಕಾಯುವುದು ಎಂಸಿಬಿಯ ಕೆಲಸ. ಮನುಷ್ಯನನ್ನು ಕಾಯುವುದು ಅದರ ಕೆಲಸವಲ್ಲ. 16 ಆಂಪಿಯರ್ ಎಂದರೆ 16,000 ಮಿಲಿಆಂಪಿಯರ್. ಮನುಷ್ಯನ ದೇಹದ ಮೂಲಕ ಕೆಲವು ಹತ್ತು ಮಿಲಿಆಂಪಿಯರ್ ಹರಿದರೂ ಹೃದಯದ ಬಡಿತ ಕೆಡಬಹುದು. ಅಷ್ಟು ಅಲ್ಪ ಸೋರಿಕೆಯನ್ನು ಎಂಸಿಬಿ ಗುರುತಿಸುವುದೇ ಇಲ್ಲ.

ಆರ್‌ಸಿಸಿಬಿ ಎಂಬ ಸಾಧನ ಹೋಗುವ ಮತ್ತು ಹಿಂದಿರುಗುವ ವಿದ್ಯುತ್ತನ್ನು ಸದಾ ಹೋಲಿಸುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ತಲುಪುವಷ್ಟರಲ್ಲಿ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಹಂಡೆಯ ಸರ್ಕ್ಯೂಟಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಕಡ್ಡಾಯವೆಂದೇ ಸದಸ್ಯರು ಭಾವಿಸಬೇಕು. ವೆಚ್ಚ ತಗ್ಗಿಸಬೇಕೆಂದಾಗ ಅಂದಾಜು ಪಟ್ಟಿಯಿಂದ ಮೊದಲು ಬಿಟ್ಟುಹೋಗುವ ವಸ್ತು ಇದೇ ಆಗಿರಬಹುದು. ಪಟ್ಟಿಯಲ್ಲಿ ಅದಿಲ್ಲದಿದ್ದರೆ ಅನುಮೋದನೆಯನ್ನು ತಡೆಹಿಡಿದು ಕಾರಣ ಕೇಳತಕ್ಕದ್ದು.

4. ಭೂಸಂಪರ್ಕ

ಎಲಿಮೆಂಟಿನ ಹೊರಕವಚ ಮತ್ತು ಲೋಹದ ಹಂಡೆ ಎರಡಕ್ಕೂ ಹಸಿರು ಅಥವಾ ಹಸಿರು-ಹಳದಿ ತಂತಿಯ ಮೂಲಕ ಭೂಸಂಪರ್ಕವಿರಬೇಕು. ಭೂಸಂಪರ್ಕದ ಗುಂಡಿ ಬೇಸಿಗೆಯಲ್ಲಿ ಒಣಗಿ ಅದರ ರೋಧ 50 ಓಂಗೆ ಏರಿದೆ ಎಂದುಕೊಳ್ಳೋಣ. ಆಗ ಸೋರುವ ವಿದ್ಯುತ್ 4.6 ಆಂಪಿಯರ್ ಮಾತ್ರ. 16 ಆಂಪಿಯರ್ ಎಂಸಿಬಿ ಬೀಳುವುದಿಲ್ಲ, ಹಂಡೆ ಜೀವಂತ ವಿದ್ಯುತ್ತಿನಲ್ಲೇ ಉಳಿಯುತ್ತದೆ. ಆರ್‌ಸಿಸಿಬಿ ಇದ್ದರೆ ಅದು ಕೂಡಲೇ ಬೀಳುತ್ತದೆ. ಆದುದರಿಂದ ಭೂಸಂಪರ್ಕ ಮತ್ತು ಆರ್‌ಸಿಸಿಬಿ ಒಂದಕ್ಕೊಂದು ಬದಲಿಯಲ್ಲ, ಎರಡೂ ಬೇಕು. ಸಾಕೆಟ್ಟಿನ ಭೂಸಂಪರ್ಕ ರಂಧ್ರವನ್ನು ತುಂಡು ತಂತಿಯಿಂದ ನ್ಯೂಟ್ರಲ್‌ಗೆ ಸೇರಿಸುವ ಅಡ್ಡದಾರಿ ಪ್ರಾಣಾಂತಕ.

5. ಹಂಡೆಗೆ ಜೋಡಿಸುವ ಕ್ರಮ

ಎಲಿಮೆಂಟನ್ನು ಹಂಡೆಯ ಪಕ್ಕದಲ್ಲಿ ತಳಕ್ಕೆ ಸಮೀಪ ಅಡ್ಡಲಾಗಿ ಕೂರಿಸಬೇಕು. ನೀರು ಯಾವಾಗಲೂ ಅದರ ಮೇಲೆ ಕನಿಷ್ಠ ನಾಲ್ಕು ಬೆರಳಿನಷ್ಟು ನಿಲ್ಲಬೇಕು. ನೀರಿಲ್ಲದೆ ಉರಿದ ಎಲಿಮೆಂಟ್ ಕೆಲವೇ ಕ್ಷಣಗಳಲ್ಲಿ ಹಾಳಾಗುತ್ತದೆ. ಕನಿಷ್ಠ ಮಟ್ಟವನ್ನು ಹಂಡೆಯ ಮೇಲೆ ಗೆರೆಯೆಳೆದು ತೋರಿಸತಕ್ಕದ್ದು. ರಂಧ್ರದ ಎಡೆಯಲ್ಲಿ ಶಾಖ ತಡೆಯುವ ಸಿಲಿಕೋನ್ ವಾಷರ್ ಇರಲಿ.

ಹೊರಗಿನ ಟರ್ಮಿನಲ್ಲುಗಳು ನೀರು ಸಿಡಿಯದ ಮುಚ್ಚಿದ ಪೆಟ್ಟಿಗೆಯೊಳಗಿರಬೇಕು. ಸಾಮಾನ್ಯ ಪಿವಿಸಿ ತಂತಿ 70 ಡಿಗ್ರಿಗಿಂತ ಹೆಚ್ಚಿನ ಶಾಖ ತಾಳದ ಕಾರಣ, ಟರ್ಮಿನಲ್ಲಿನ ಬಳಿ ಸಿಲಿಕೋನ್ ಹೊದಿಕೆಯ ತಂತಿ ಬಳಸಬೇಕು. ತಂತಿಯನ್ನು ಲಗ್ ಹಾಕಿ ಒತ್ತಿ ಬಿಗಿಸಬೇಕು. ಸಡಿಲ ಜೋಡಣೆಯೇ ಕಾದು ಸುಟ್ಟುಹೋಗುತ್ತದೆ. ಪೆಟ್ಟಿಗೆ ಸೇರುವ ಮುನ್ನ ತಂತಿ ಸ್ವಲ್ಪ ಕೆಳಗೆ ಬಾಗಿದ್ದರೆ, ಅದರ ಮೇಲೆ ಇಳಿದ ನೀರು ಒಳಹೋಗದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಸ್ವಿಚ್ಚು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ದ್ವಿಧ್ರುವ ಬಗೆಯದಾಗಿದ್ದು, ಒದ್ದೆ ಕೈ ತಾಗದ ಸ್ಥಳದಲ್ಲಿರಬೇಕು.

ಥರ್ಮೋಸ್ಟ್ಯಾಟಿನ ಜೊತೆಗೆ, ಅದು ಕೆಟ್ಟಾಗ ಕಡಿತಗೊಳಿಸುವ ಪ್ರತ್ಯೇಕ ತಾಪರಕ್ಷಕವೂ ಇರಲಿ. ಹಂಡೆಯ ಮುಚ್ಚಳವನ್ನು ಗಾಳಿಯಾಡದಂತೆ ಬಿಗಿಯಬಾರದು. ಆವಿಯ ಒತ್ತಡದಿಂದ ಪಾತ್ರೆ ಸಿಡಿಯಬಹುದು. ಹಾಲು ಅಥವಾ ಗಂಜಿಯನ್ನು ಇದರಲ್ಲಿ ಕಾಯಿಸಬಾರದು. ಅದು ಕೊಳವೆಗೆ ಹತ್ತಿಕೊಂಡು ಸೀದು ಎಲಿಮೆಂಟನ್ನು ಕೆಡಿಸುತ್ತದೆ.

6. ವಿದ್ಯುತ್ ಹರಿಸುವ ಮುಂಚಿನ ಪರೀಕ್ಷೆಗಳು

ಗುತ್ತಿಗೆದಾರರು ಕೆಳಗಿನ ಪರೀಕ್ಷೆಗಳನ್ನು ಸದಸ್ಯರ ಸಮಕ್ಷಮ ನಡೆಸಿ, ಫಲಿತಾಂಶವನ್ನು ಬರೆದುಕೊಡತಕ್ಕದ್ದು:

- ಎಲಿಮೆಂಟಿನ ರೋಧ: 3000 ವ್ಯಾಟಿಗೆ ಸುಮಾರು 17.6 ಓಂ.
- 500 ವೋಲ್ಟ್ ಮೆಗ್ಗರ್‌ನಿಂದ ಎಲಿಮೆಂಟ್ ಮತ್ತು ಹೊರಕವಚದ ನಡುವಿನ ನಿರೋಧ: 1 ಮೆಗಾಓಂಗಿಂತ ಕಡಿಮೆಯಿದ್ದರೆ ಬಳಸಬಾರದು.
- ಹಂಡೆಯಿಂದ ಭೂಸಂಪರ್ಕದವರೆಗೆ ತಂತಿ ಎಲ್ಲಿಯೂ ತುಂಡಾಗಿಲ್ಲವೆಂಬ ಖಾತ್ರಿ.
- ನೀರು ತುಂಬಿ, ವಿದ್ಯುತ್ ಹರಿಸದೆ, ಸೋರಿಕೆಯ ವೀಕ್ಷಣೆ.
- ಕೊನೆಯಲ್ಲಿ ವಿದ್ಯುತ್ ಹರಿಸಿ, ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿದಾಗ ಅದು ಬೀಳುವುದೆಂಬ ಖಾತ್ರಿ.

ಪರೀಕ್ಷಾ ಗುಂಡಿ ಆರ್‌ಸಿಸಿಬಿಯನ್ನು ಮಾತ್ರ ಪರೀಕ್ಷಿಸುತ್ತದೆ, ಭೂಸಂಪರ್ಕವನ್ನಲ್ಲ ಎಂಬುದನ್ನು ಮರೆಯಬಾರದು.

7. ದಿನನಿತ್ಯದ ಬಳಕೆ ಮತ್ತು ನಿರ್ವಹಣೆ

ನೀರು ತೆಗೆಯುವ ಮುನ್ನ ಸ್ವಿಚ್ ಆರಿಸಿ ಪ್ಲಗ್ ಕಳಚಬೇಕು. ಕಾದಿದೆಯೇ ಎಂದು ನೀರಿಗೆ ಬೆರಳು ಅದ್ದಿ ನೋಡಬಾರದು. ಕೊಳವೆಬಾವಿಯ ಗಡಸು ನೀರು ಬಳಸುವಲ್ಲಿ ಎಲಿಮೆಂಟಿನ ಮೇಲೆ ಸುಣ್ಣದ ಪದರ ಬೆಳೆದು, ಶಾಖ ಹೊರಬರದೆ ಒಳಗಿನ ತಂತಿ ಸುಡುತ್ತದೆ. ಸಿಟ್ರಿಕ್ ಆಮ್ಲದ ತೆಳು ದ್ರಾವಣದಲ್ಲಿ ನೆನೆಸಿ ಆಗಾಗ ಶುಚಿಗೊಳಿಸಬೇಕು. ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ದಿನಾಂಕವನ್ನು ವಹಿಯಲ್ಲಿ ನಮೂದಿಸಬೇಕು. ಆರ್‌ಸಿಸಿಬಿ ಪದೇ ಪದೇ ಬಿದ್ದರೆ ಅದು ಎಚ್ಚರಿಕೆಯ ಕರೆ. ಅದನ್ನು ಕಿತ್ತು ನೇರ ಸಂಪರ್ಕ ಕೊಡಿಸುವುದು ಅಕ್ಷಮ್ಯ.

ಯಾರಿಗಾದರೂ ವಿದ್ಯುತ್ ತಗುಲಿದರೆ ಅವರನ್ನು ಮುಟ್ಟದೆ ಮೊದಲು ಮುಖ್ಯ ಸ್ವಿಚ್ ಆರಿಸಬೇಕು. ಬಳಿಕ 108ಕ್ಕೆ ಕರೆಮಾಡಿ, ಉಸಿರಾಟ ನಿಂತಿದ್ದರೆ ಎದೆಯೊತ್ತುವ ಪ್ರಥಮ ಚಿಕಿತ್ಸೆ ಆರಂಭಿಸಬೇಕು. ಸರಬರಾಜಿನ ದೋಷಕ್ಕೆ 1912.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ಪಂಚಾಯಿತಿ ವ್ಯಾಪ್ತಿಯ ಯಾವ ಕಟ್ಟಡಗಳಲ್ಲಿ ವಿದ್ಯುತ್ ಹಂಡೆಗಳಿವೆ? ಅವುಗಳಲ್ಲಿ ಆರ್‌ಸಿಸಿಬಿ ಇರುವವು ಎಷ್ಟು?
2. ಭೂಸಂಪರ್ಕವನ್ನು ಕೊನೆಯ ಬಾರಿ ಅಳೆದದ್ದು ಯಾವಾಗ?
3. ಹಂಡೆಯನ್ನು ದಿನವೂ ಬಳಸುವ ಸಿಬ್ಬಂದಿಗೆ ಮುಖ್ಯ ಸ್ವಿಚ್ ಎಲ್ಲಿದೆ ಎಂಬುದು ತಿಳಿದಿದೆಯೇ?

ಮೂರನೆಯ ಪ್ರಶ್ನೆಯ ಉತ್ತರವನ್ನು ಕಚೇರಿಯಲ್ಲಿ ಕುಳಿತು ಬರೆಯದೆ, ಅಡುಗೆಮನೆಗೆ ಹೋಗಿ ಆ ಸಿಬ್ಬಂದಿಯನ್ನೇ ಕೇಳಿ ಬರೆಯುವುದು ಸೂಕ್ತ.